ಸದ್ದಿಲ್ಲದ ಪೆಟ್ಟಿಗೆ

ಜನವರಿ 9

ಅಕ್ಕಾ,

ಈ ಕಾಗದವನ್ನು ಪೆಟ್ಟಿಗೆಯ ಒಳಗೆ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಮೊದಲು ಓದು, ಬೇಡವೆನಿಸಿದರೆ ಪೆಟ್ಟಿಗೆ ಹಾಗೇ ಮುಚ್ಚಿಬಿಡು.

ಭಾವನಿಗೆ ಪಾರ್ಶ್ವವಾಯು ಹೊಡೆದು ನಾಲ್ಕು ತಿಂಗಳಾಯಿತಂತೆ. ನನಗೆ ಗೊತ್ತಾಗಿದ್ದು ಹೋದ ವಾರ, ಅದೂ ನಿಮ್ಮ ಪಕ್ಕದ ಮನೆಯ ಗಡಿಯಾರ ರಿಪೇರಿಯವರಿಂದ. ಅವರು ಯಾವುದೋ ಬಿಡಿಭಾಗ ಸಿಗುತ್ತದಾ ಅಂತ ಫೋನ್ ಮಾಡಿದ್ದರು. ಮಾತಿನ ನಡುವೆ, "ನಿಮ್ಮ ಭಾವ ಈಗ ಪರವಾಗಿಲ್ಲ, ಒರಗಿ ಕೂರ್ತಾರೆ" ಅಂದರು. ಕೂರುವುದರಲ್ಲಿ ಏನು ವಿಶೇಷ ಅಂತ ನಾನು ಕೇಳಬೇಕಾಯಿತು. ಒಡಹುಟ್ಟಿದವನು ಪಕ್ಕದ ಮನೆಯವರ ಬಾಯಿಂದ ಕೇಳಿಸಿಕೊಳ್ಳಬೇಕಾದ ಸುದ್ದಿಯೇ ಇದು? ಇವನಿಗೆ ಹೇಳುವುದು ಬೇಡ ಅಂತ ನೀನು ತೀರ್ಮಾನಿಸಿದ್ದರೆ, ಇರಲಿ.

ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತು ತೊದಲುತ್ತದೆ, ದಿನವಿಡೀ ಹಾಲ್‌ನಲ್ಲಿ ಮಂಚದ ಮೇಲೆ ಮಲಗಿ ಗೋಡೆ ನೋಡುತ್ತಾರೆ ಅಂದರು. ಇಪ್ಪತ್ತೇಳು ವರ್ಷ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸಿದ ಮನುಷ್ಯ ಖಾಲಿ ಗೋಡೆ ನೋಡಬಾರದು. ಅದಕ್ಕೇ ಇದು. ಆಫೀಸಿನಿಂದ ತೆಗೆದುಹಾಕಿದ್ದ ಕಂಪ್ಯೂಟರ್, ಬಿಚ್ಚಿ ಸರಿಮಾಡಿದ್ದೇನೆ. ಒಳಗೆ ಇನ್ನೂರು ಹಳೆಯ ಸಿನಿಮಾಗಳಿವೆ. ದಪ್ಪ ವೈರನ್ನು ಟಿವಿಯ ಹಿಂದೆ ಚುಚ್ಚು, ಇನ್ನೊಂದನ್ನು ಪ್ಲಗ್ಗಿಗೆ. ರಿಮೋಟ್ ಭಾವನ ಎಡಗೈಗೆ ಕೊಡು. ಮೇಲೆ ಕೆಳಗೆ ಒತ್ತಿ ಸಿನಿಮಾ ಆರಿಸಬಹುದು, ನಡುವಿನ ಬಟನ್ ಒತ್ತಿದರೆ ಓಡುತ್ತದೆ.

ಇದನ್ನು ಕಳಿಸಿದ್ದು ನಾನು ಅಂತ ಭಾವನಿಗೆ ಹೇಳಬೇಕಾಗಿಲ್ಲ.

ನಿನ್ನ ತಮ್ಮ


ಜನವರಿ 20

ತಮ್ಮನಿಗೆ,

ನಿನ್ನ ಪೆಟ್ಟಿಗೆ ವಾಪಸ್ ಬರುತ್ತಿದೆ. ಲಾರಿ ಪಾರ್ಸೆಲಿಗೆ ಹಾಕಿ ಬಂದಿದ್ದೇನೆ, ಬಿಡಿಸಿಕೊ.

ಫೋನ್ ಮಾಡಬೇಡ. ನಾಲ್ಕು ಸಲ ಮಾಡಿದ್ದೀಯ, ಬೇಕೆಂದೇ ಎತ್ತಲಿಲ್ಲ. ಎರಡು ಕೋಣೆಯ ಮನೆ ಇದು. ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಹಾಲ್‌ಗೆ ಕೇಳಿಸುತ್ತದೆ. ನಾನು ನಿನಗೆ ಬೈಯುವುದನ್ನು ಇವರು ಕೇಳಿಸಿಕೊಳ್ಳಬಾರದು. ಬರೆದೇ ಬೈಯುತ್ತೇನೆ.

ನಿನ್ನ ಪೆಟ್ಟಿಗೆಯ ಫ್ಯಾನು ಗುಂಯ್ ಅನ್ನುತ್ತದೆ. ನಿನ್ನ ಆಫೀಸಿನಲ್ಲಿ ಹತ್ತು ಫ್ಯಾನಿನ ನಡುವೆ ಅದು ನಿನಗೆ ಕೇಳಿಸಿರಲಿಕ್ಕಿಲ್ಲ. ಇಲ್ಲಿ ನಾನು ಕಿವಿಯಿಂದ ಬದುಕುತ್ತಿದ್ದೇನೆ. ಇವರಿಗೆ ನುಂಗಲು ಕಷ್ಟ. ನೀರನ್ನೂ ಪುಡಿ ಬೆರೆಸಿ ಮಂದ ಮಾಡಿ ಚಮಚದಲ್ಲಿ ಕುಡಿಸಬೇಕು. ಒಂದೊಂದು ಸಲ ತಮ್ಮದೇ ಎಂಜಲು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೆಮ್ಮಲು ಬಲವಿಲ್ಲ. 'ಕ್ಹ್' ಅಂತ ಒಂದು ಸದ್ದು ಬರುತ್ತದೆ ಅಷ್ಟೇ, ಕಾಗದ ಹರಿದ ಹಾಗೆ. ಅದು ಕೇಳಿಸಲಿ ಅಂತ ಹೊಲಿಗೆ ಮೆಷಿನ್ನಿಗೆ ಬಟ್ಟೆ ಹೊದಿಸಿ, ಕೂಲಿಗೆ ಬರುವ ಪರದೆಗಳನ್ನೆಲ್ಲ ಕೈಯಲ್ಲೇ ಹೊಲಿಯುತ್ತಿದ್ದೇನೆ.

ಮೊನ್ನೆ ಮಧ್ಯಾಹ್ನ ಸಿನಿಮಾ ಮುಗಿದಿತ್ತು, ಟಿವಿ ಮೂಕವಾಗಿತ್ತು. ನಿನ್ನ ಪೆಟ್ಟಿಗೆ ಮಾತ್ರ ಗುಂಯ್ ಅನ್ನುತ್ತಲೇ ಇತ್ತು. ಒಳಕೋಣೆಯಲ್ಲಿ ಕೊಕ್ಕೆ ಹೊಲಿಯುತ್ತಿದ್ದವಳಿಗೆ ಏನೂ ಕೇಳಿಸಲಿಲ್ಲ. ಕತ್ತರಿ ಹುಡುಕಿಕೊಂಡು ಹಾಲ್‌ಗೆ ಬಂದೆ. ಇವರ ತುಟಿ ನೀಲಿಯಾಗಿತ್ತು. ಕತ್ತರಿ ಬೇಕಾಗದೆ ಹೋಗಿದ್ದರೆ ಈ ಕಾಗದದಲ್ಲಿ ಬೇರೆ ಸುದ್ದಿ ಇರುತ್ತಿತ್ತು.

ಇನ್ನೂ ಇದೆ. ಇವರು ಮಲಗುವುದು ಗಾಳಿ ಹಾಸಿಗೆಯ ಮೇಲೆ. ಪುಟ್ಟ ಪಂಪು ಗಾಳಿ ತುಂಬುತ್ತಿದ್ದರೆ ಬೆನ್ನು ಹುಣ್ಣಾಗುವುದಿಲ್ಲ. ಅದರ ಹಿಂದಿನ ದಿನ ಬೆಳಿಗ್ಗೆ ಕರೆಂಟ್ ಹೋಯಿತು. ಇನ್ವರ್ಟರ್ ಬ್ಯಾಟರಿಯಲ್ಲಿ ಪಂಪೂ ಓಡುತ್ತಿತ್ತು, ನಿನ್ನ ಪೆಟ್ಟಿಗೆಯೂ ಓಡುತ್ತಿತ್ತು. ಎರಡೇ ಗಂಟೆಯಲ್ಲಿ ನಿನ್ನ ಪೆಟ್ಟಿಗೆ ಬ್ಯಾಟರಿಯನ್ನೆಲ್ಲ ಕುಡಿದು ಮುಗಿಸಿತು. ಟಿವಿ ಆರಿತು, ಗುಂಯ್ ನಿಂತಿತು. ಸದ್ಯ, ಸ್ವಲ್ಪ ಹೊತ್ತು ನೆಮ್ಮದಿ ಅಂದುಕೊಂಡೆ. ಪಂಪೂ ನಿಂತಿದೆ ಅಂತ ಹೊಳೆಯಲೇ ಇಲ್ಲ. ಹಾಸಿಗೆ ಚಪ್ಪಟೆಯಾಗಿ ಒಂದೂವರೆ ಗಂಟೆ ಇವರು ಹಲಗೆಯ ಮೇಲೆ ಮಲಗಿದ್ದರು. ಸೊಂಟದ ಹತ್ತಿರ ಕೆಂಪಗೆ ಎದ್ದಿದೆ.

ಕೋಟೆ ಲೂಟಿಯಾದ ಮೇಲೆ ಬಾಗಿಲು ಹಾಕಿದ ಹಾಗಿದೆ ನಿನ್ನ ಉಪಕಾರ. ಏಳು ವರ್ಷದಿಂದ ಈ ಮನೆಯ ಮೆಟ್ಟಿಲು ಹತ್ತಿಲ್ಲ ನೀನು. ಇವರ ಕೆಲಸ ಹೋಗಿ, ಗೋದಾಮಿನ ಕಾವಲಿಗೆ ಸೇರಿದರು. ಕಾವಲುಗಾರನ ಮನೆಗೆ ಬರಲು ನಿನಗೆ ನಾಚಿಕೆಯಾಗಿರಬೇಕು. ಥಿಯೇಟರಿಗೆ ಹೊಸ ಡಿಜಿಟಲ್ ಮೆಷಿನ್ ಕೂರಿಸಲು ನಿನ್ನ ಕಂಪನಿ ನಿನ್ನನ್ನೇ ಕಳಿಸಿತು. ಮೆಷಿನ್ ಬಂದ ಮಾರನೆಯ ದಿನವೇ ಮಾಲೀಕ ಇವರನ್ನು ತೆಗೆದ. ಆದರೂ ಒಂದು ದಿನವೂ ನಿನ್ನ ಮೇಲೆ ತಪ್ಪು ಹೊರಿಸಲಿಲ್ಲ ನಾನು. ಸಂಬಳಕ್ಕಿರುವವನು, ಕಳಿಸಿದ ಕಡೆ ಹೋದ ಅಂದುಕೊಂಡೆ. ಮಾಲೀಕನಿಗೆ ಮಾತ್ರ ಶಾಪ ಹಾಕಿದೆ.

ಬರುವವನಾದರೆ ಬಾ. ಪೆಟ್ಟಿಗೆ ಕಳಿಸಬೇಡ.

ಅಕ್ಕ


ಜನವರಿ 29

ಅಕ್ಕಾ,

ಪೆಟ್ಟಿಗೆ ಬಂತು. ಒಂದು ಮೂಲೆ ಜಜ್ಜಿದೆ. ನೀನು ಅದನ್ನು ಲಾರಿಗೆ ಹಾಕಿದೆಯೋ, ಲಾರಿಯ ಕೆಳಗೆ ಹಾಕಿದೆಯೋ.

ಭಾವನ ತುಟಿ ನೀಲಿಯಾಗಿತ್ತು ಅನ್ನುವ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೆ ಅಂತ ನಿನಗೆ ಹೇಳುವುದಿಲ್ಲ. ಆದರೆ ನೀನೂ ಒಂದು ಮಾತು ಕೇಳು. ನುಂಗಲು ಕಷ್ಟ ಅಂತ ನನಗೆ ಹೇಳಿದವರು ಯಾರು? ಗಾಳಿ ಹಾಸಿಗೆ ಇದೆ, ಪಂಪು ಇದೆ, ಅದು ಬ್ಯಾಟರಿಯಲ್ಲಿ ಓಡುತ್ತದೆ ಅಂತ ಹೇಳಿದವರು ಯಾರು? ನಾಲ್ಕು ತಿಂಗಳು ಬಾಯಿ ಹೊಲಿದುಕೊಂಡು ಕೂತು, ಈಗ ನನಗೆ ತಿಳಿದಿರಬೇಕಿತ್ತು ಅಂದರೆ ನಾನೇನು ಕಣಿ ಹೇಳುವವನೇ?

ಕಾವಲುಗಾರನ ಮನೆಗೆ ಬರಲು ನಾಚಿಕೆ ಅಂದೆಯಲ್ಲ. ಅದನ್ನು ಬರೆಯಲು ನಿನಗೆ ಕೈ ಹೇಗೆ ಬಂತು? ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ ಮನೆ ಅದು. ನಾನು ಬರದೆ ಇದ್ದುದು ಯಾಕೆ ಅಂತ ನಿನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಒಂದು ದಿನವೂ ನಿನ್ನ ಮೇಲೆ ತಪ್ಪು ಹೊರಿಸಲಿಲ್ಲ ಅಂತ ಬರೆಯುತ್ತೀಯ. ಹೀಗೆ ಚುಚ್ಚುವುದನ್ನು ಎಲ್ಲಿ ಕಲಿತೆ? ಮೊದಲು ಕೋಪ ಬಂದರೆ ಕೈಗೆ ಸಿಕ್ಕ ಸೌಟಿನಲ್ಲಿ ಬಾರಿಸುತ್ತಿದ್ದೆ. ಅದೇ ವಾಸಿ. ಏಳು ವರ್ಷ ನಾನು ಫೋನ್ ಮಾಡಿದಾಗಲೆಲ್ಲ "ನಿಮ್ ಭಾವ ಮಲಗಿದಾರೆ ಕಣೋ" ಅಂದೆ. ಬೆಳಿಗ್ಗೆ ಹತ್ತಕ್ಕೂ ಮಲಗಿದ್ದಾರೆ, ಸಂಜೆ ಐದಕ್ಕೂ ಮಲಗಿದ್ದಾರೆ. ಯಾರು ಬೇಡವೆಂದರೋ ಅವರ ಮನೆಗೆ ಹೇಗೆ ಬರಲಿ?

ಇನ್ನೊಂದು ಪೆಟ್ಟಿಗೆ ಮಾಡುತ್ತೇನೆ. ಬೇಡ ಅನ್ನಬೇಡ, ನಿನಗಾಗಿ ಮಾಡುತ್ತಿಲ್ಲ. ಫ್ಯಾನೇ ಇರುವುದಿಲ್ಲ. ಕರೆಂಟ್ ಒಂದು ಸಣ್ಣ ಬಲ್ಬಿನಷ್ಟೂ ಕುಡಿಯುವುದಿಲ್ಲ. ಮಂಚದಿಂದ ಟಿವಿಗೆ ಎಷ್ಟು ಅಡಿ? ಬ್ಯಾಟರಿಯ ಮೇಲೆ ಏನು ಬರೆದಿದೆ? ಭಾವನ ಎಡಗೈಯಲ್ಲಿ ಎಷ್ಟು ಬೆರಳು ಸರಿಯಾಗಿ ಒತ್ತುತ್ತವೆ? ಇಷ್ಟಕ್ಕೆ ಉತ್ತರ ಬರೆ. ಉಳಿದದ್ದನ್ನು ಬರೆಯದಿದ್ದರೂ ನಡೆಯುತ್ತದೆ.

ತಮ್ಮ


ಫೆಬ್ರವರಿ 6

ತಮ್ಮನಿಗೆ,

ಒಂಬತ್ತು ಅಡಿ, ನಾಲ್ಕು ಇಂಚು. ನನ್ನ ಹೊಲಿಗೆಯ ಟೇಪಿನಲ್ಲೇ ಅಳೆದೆ. ಬ್ಯಾಟರಿಯ ಚೀಟಿ ಹರಿದಿದೆ, ಕೊಂಡು ಆರು ವರ್ಷವಾಯಿತು. ಎಡಗೈಯಲ್ಲಿ ಹೆಬ್ಬೆರಳು, ತೋರುಬೆರಳು ಚೆನ್ನಾಗಿವೆ. ಪೆನ್ಸಿಲ್ ಹಿಡಿದು ಎರಡು ಮೂರು ಶಬ್ದ ಬರೆಯುತ್ತಾರೆ, ಒಂದೊಂದು ಅಕ್ಷರ ಬದನೆಕಾಯಿ ಗಾತ್ರ. ಅಷ್ಟಕ್ಕೇ ಸುಸ್ತಾಗುತ್ತಾರೆ. ತಲೆ ಸರಿಯಾಗಿದೆ. ಎಲ್ಲ ಅರ್ಥವಾಗುತ್ತದೆ, ಎಲ್ಲ ಕೇಳಿಸುತ್ತದೆ. ಫ್ರಿಜ್ ಸದ್ದು ಮಾಡಿದರೂ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಾರೆ.

ಚುಚ್ಚುವುದು ಅಂದರೆ ಏನೋ? ನಾನು ಏನನ್ನು ಚುಚ್ಚಿದೆ? ನಿನಗೆ ಚೆನ್ನಾಗಿ ಗೊತ್ತು ಅಂತ ಬರೆದಿದ್ದೀಯ. ನನಗೇನೂ ಗೊತ್ತಿಲ್ಲ. ಒಗಟು ಬಿಡಿಸಲು ನನಗೆ ಪುರುಸೊತ್ತಿಲ್ಲ. ಎರಡು ಗಂಟೆಗೊಮ್ಮೆ ಇವರನ್ನು ಮಗ್ಗುಲು ತಿರುಗಿಸಬೇಕು.

ಭಾವ ಮಲಗಿದ್ದಾರೆ ಅಂದದ್ದು ಸುಳ್ಳೇ. ಇವರು ಎದುರಿನ ಕುರ್ಚಿಯಲ್ಲೇ ಕೂತಿರುತ್ತಿದ್ದರು. ನಿನ್ನ ಫೋನ್ ಅಂತ ಗೊತ್ತಾದರೆ, ಮಲಗಿದ್ದೀನಿ ಅನ್ನು ಅಂತ ಕೈಸನ್ನೆ ಮಾಡುತ್ತಿದ್ದರು. ಕೆಲಸ ಹೋದ ಸಂಕೋಚ, ನಿನ್ನ ಹತ್ತಿರ ಕಾವಲಿನ ಕೆಲಸ ಅಂತ ಹೇಳಿಕೊಳ್ಳಲು ಆಗುತ್ತಿಲ್ಲ ಅಂದುಕೊಂಡೆ. ನೀನು ಅದನ್ನೇ ನೆಪ ಮಾಡಿಕೊಂಡು ಬರುವುದನ್ನೇ ಬಿಟ್ಟೆ.

ಇನ್ನೊಂದು ವಿಷಯ. ಇವರು ಆಸ್ಪತ್ರೆಯಲ್ಲಿದ್ದಾಗ ಆ ಥಿಯೇಟರ್ ಮಾಲೀಕ ಹಣ್ಣು ಹಿಡಿದುಕೊಂಡು ಬಂದಿದ್ದ. ವಾರ್ಡಿನ ಬಾಗಿಲಲ್ಲೇ ತಡೆದೆ. "ಅನ್ನ ಕಿತ್ತುಕೊಂಡ ಕೈಯಲ್ಲಿ ಹಣ್ಣು ತರಬೇಡಿ" ಅಂದೆ. ಆ ಮನುಷ್ಯ ಏನೋ ಹೇಳಲು ಬಾಯಿ ತೆರೆದ, ಹಾಗೇ ಮುಚ್ಚಿಕೊಂಡು ಹೋದ. ಅರವತ್ತೈದು ದಾಟಿದವನು, ಮೆಟ್ಟಿಲಿಳಿಯುವಾಗ ಪಕ್ಕದ ಕಂಬಿ ಹಿಡಿದುಕೊಂಡ. ನನಗೆ ಪಾಪ ಅನ್ನಿಸಲಿಲ್ಲ. ನನ್ನ ಕೋಪ ಎಷ್ಟು ದೂರ ಹೋಗುತ್ತದೆ ಅಂತ ನಿನಗೆ ತಿಳಿದಿರಲಿ ಅಂತ ಬರೆದೆ.

ಪೆಟ್ಟಿಗೆ ಕಳಿಸಿದರೆ ಮೊದಲು ನಿನ್ನ ಕಿವಿಗೆ ಹಿಡಿದು ನೋಡಿ ಕಳಿಸು.

ಅಕ್ಕ


ಫೆಬ್ರವರಿ 27

ಅಕ್ಕಾ,

ಮೂರು ವಾರವಾಯಿತು. ಪೆಟ್ಟಿಗೆಗೆ ಹತ್ತು ದಿನ ಹಿಡಿಯಿತು. ಉಳಿದ ದಿನಗಳೆಲ್ಲ ಈ ಕಾಗದಕ್ಕೆ ಹೋದವು.

ಮೊದಲು ಪೆಟ್ಟಿಗೆ. ದಪ್ಪ ಪುಸ್ತಕದಷ್ಟಿದೆ. ಮೈಯೆಲ್ಲ ಅಲ್ಯುಮಿನಿಯಂ, ಮೇಲೆ ಬಾಚಣಿಗೆಯ ಹಲ್ಲಿನ ಹಾಗೆ ಸಾಲುಗಳು. ಒಳಗಿನ ಬಿಸಿ ಆ ಹಲ್ಲುಗಳ ಮೂಲಕ ತಾನಾಗಿ ಹೊರಗೆ ಹೋಗುತ್ತದೆ. ಅದಕ್ಕೇ ಫ್ಯಾನು ಬೇಡ. ಅದರ ಮೇಲೆ ಬಟ್ಟೆ ಹೊದಿಸಬೇಡ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು, ತಿರುಗದ ಚಿಪ್‌ಗಳ ಡಿಸ್ಕ್ ಹಾಕಿದ್ದೇನೆ. ಒಳಗೆ ಅಲುಗಾಡುವ ವಸ್ತು ಒಂದೂ ಇಲ್ಲ. ಮೊದಲನೆಯದು ತೊಂಬತ್ತು ವ್ಯಾಟ್ ತಿನ್ನುತ್ತಿತ್ತು, ಇದು ಸಿನಿಮಾ ಓಡುವಾಗಲೂ ಒಂಬತ್ತು. ಸಿನಿಮಾ ಮುಗಿದರೆ ಹತ್ತು ನಿಮಿಷಕ್ಕೆ ತಾನೇ ಮಲಗುತ್ತದೆ. ಕರೆಂಟ್ ಹೋದಾಗ ಟಿವಿ ಮಾತ್ರ ಆರಿಸು, ಬ್ಯಾಟರಿ ಪಂಪಿಗೆ ಉಳಿಯುತ್ತದೆ.

ನೀನು ಹೇಳಿದ ಹಾಗೆ ಕಿವಿಗೆ ಹಿಡಿದೆ. ಏನೂ ಇರಲಿಲ್ಲ. ಆದರೆ ನನ್ನ ಜೊತೆ ಕೆಲಸ ಮಾಡುವ ಹುಡುಗಿ ದೂರದಿಂದಲೇ, "ಅದೇನು ಸರ್, ಸೊಳ್ಳೆ ಥರ ಕಿಂಯ್ ಅಂತಿದೆ" ಅಂದಳು. ಅವಳ ಕಿವಿ ಎಳೆಯದು. ಹುಡುಕಿದರೆ ಸದ್ದು ಮಾಡುತ್ತಿದ್ದದ್ದು ಅಡಾಪ್ಟರ್. ಅದನ್ನು ಬಿಸಾಡಿ, ನಾಲ್ಕು ಬೇರೆ ಅಡಾಪ್ಟರ್ ತಂದು, ಒಂದೊಂದನ್ನೂ ಅವಳ ಕಿವಿಗೆ ಹಿಡಿಸಿ ಸದ್ದಿಲ್ಲದ ಕೊನೆಯದನ್ನು ಹಾಕಿದೆ. ಭಾವನಿಗೆ ಫ್ರಿಜ್ಜೇ ಕೇಳಿಸುತ್ತದೆ ಅಂದರೆ ಅದೂ ಕೇಳಿಸುತ್ತಿತ್ತು.

ಇನ್ನು ಆ ಮಾತು.

ನೀನು ಮಾಲೀಕನನ್ನು ಬಾಗಿಲಲ್ಲಿ ತಡೆದೆ ಅಂತ ಬರೆದದ್ದನ್ನು ಓದಿದ ಮೇಲೆ ನನಗೆ ಅರ್ಥವಾಯಿತು, ನಿನಗೆ ಏನೂ ಗೊತ್ತಿಲ್ಲ ಅಂತ. ಏಳು ವರ್ಷ ನಿನಗೆ ಎಲ್ಲ ಗೊತ್ತಿದೆ ಅಂದುಕೊಂಡು ಬದುಕಿದ್ದೆ. ಗೊತ್ತಿದ್ದೂ ಕರೆಯುತ್ತಿಲ್ಲ, ನನ್ನನ್ನು ಬಿಟ್ಟಿದ್ದಾಳೆ ಅಂದುಕೊಂಡಿದ್ದೆ.

ಮಾಲೀಕ ಭಾವನನ್ನು ಕೆಲಸದಿಂದ ತೆಗೆಯಲಿಲ್ಲ ಅಕ್ಕಾ.

ಮೆಷಿನ್ ಕೂರಿಸಿದ ದಿನ ಪ್ರೊಜೆಕ್ಟರ್ ಕೋಣೆಯಲ್ಲಿ ಮಾಲೀಕರಿದ್ದರು, ಗೇಟ್ ಕೀಪರ್ ಇದ್ದ, ಹಳೆಯ ಪ್ರೊಜೆಕ್ಟರ್ ಇಳಿಸಲು ಬಂದ ನಾಲ್ಕು ಜನ ಕೂಲಿಯವರಿದ್ದರು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಜೇಬಿನಲ್ಲಿ ಸಣ್ಣ ನೋಟ್‌ಬುಕ್ಕು, ಪೆನ್ನು. "ಹೇಳಪ್ಪ, ಇದನ್ನ ಓಡಿಸೋಕೆ ನಾನು ಏನೇನು ಕಲೀಬೇಕು?" ಅಂತ ಕೇಳಿದರು. ಎಲ್ಲರೆದುರು, ಮೇಷ್ಟ್ರನ್ನು ಕೇಳಿದ ಹಾಗೆ. ನಾನು ಕಂಪನಿಯ ಟೈ ಕಟ್ಟಿಕೊಂಡಿದ್ದೆ. "ಕಲಿಯೋಕೆ ಏನಿದೆ ಭಾವ, ಬಟನ್ ಒತ್ತೋಕೆ ಗೇಟ್ ಕೀಪರೇ ಸಾಕು. ಈ ಡಬ್ಬಿಗೆ ಮನುಷ್ಯನೇ ಬೇಡ" ಅಂದೆ. ಕೂಲಿಯವರು ನಕ್ಕರು. ಗೇಟ್ ಕೀಪರ್ ನಕ್ಕ. ನಾನೂ ನಕ್ಕೆ.

ಮಾಲೀಕರು ನಗಲಿಲ್ಲ. "ಇವರು ಇಲ್ಲೇ ಇರ್ತಾರೆ, ನೀವು ಹೇಳಿಕೊಡಿ" ಅಂದರು. ಭಾವ ನೋಟ್‌ಬುಕ್ಕನ್ನು ಜೇಬಿಗೆ ಹಾಕಿಕೊಂಡು ಕೆಳಗೆ ಹೋದರು. ಮಾರನೆಯ ದಿನ ಕೀಲಿಕೈ ಮೇಜಿನ ಮೇಲಿಟ್ಟು ಬಂದರಂತೆ. ಮಾಲೀಕರು ನನಗೆ ಫೋನ್ ಮಾಡಿ ಹೇಳಿದರು. "ನಿಮ್ಮ ಮಾತು ವಾಪಸ್ ತಗೊಳ್ಳಿ, ಬರ್ತಾರೆ" ಅಂದರು. ನಾಳೆ ಮಾಡೋಣ, ನಾಡಿದ್ದು ಮಾಡೋಣ ಅಂದೆ. ಆಮೇಲೆ ಧೈರ್ಯ ಬರಲಿಲ್ಲ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ನನ್ನದು ಎಲ್ಲೂ ಹೋಗಿಲ್ಲ, ಇಲ್ಲೇ ಗಂಟಲಲ್ಲಿ ಕೂತಿದೆ.

ಈಗ ಬೈ.

ತಮ್ಮ


ಮಾರ್ಚ್ 19

ಅಕ್ಕಾ,

ಪೆಟ್ಟಿಗೆ ತಲುಪಿದೆ ಅಂತ ಪಾರ್ಸೆಲ್ ಆಫೀಸಿನವರು ಹೇಳಿದರು. ಸಹಿ ನಿನ್ನದೇ. ನಿನ್ನಿಂದ ಒಂದು ಸಾಲೂ ಇಲ್ಲ. ಬೈಯುವುದಾದರೆ ಬೈದುಬಿಡು. ಸುಮ್ಮನಿರಬೇಡ. ಭಾವ ಹೇಗಿದ್ದಾರೆ ಅಂತ ಒಂದು ಕಾರ್ಡಾದರೂ ಹಾಕು.

ತಮ್ಮ


ಏಪ್ರಿಲ್ 2

ತಮ್ಮನಿಗೆ,

ನಿನ್ನ ಕಾಗದ ಬಂದ ದಿನ ಇವರಿಗೆ ಊಟ ಮಾಡಿಸುವಾಗ ಚಮಚ ಹಲ್ಲಿಗೆ ತಾಗಿತು. ಇವರು ನನ್ನ ಮುಖವನ್ನೇ ನೋಡಿದರು.

ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಕಾಗದವನ್ನು ಇವರ ಎದೆಯ ಮೇಲಿಟ್ಟು, "ಇದು ನಿಜಾನಾ?" ಅಂದೆ. ಓದಿದರು. ಎಡಗೈಯಲ್ಲಿ ಹಿಡಿದು ಪೂರ್ತಿ, ನಿಧಾನವಾಗಿ ಓದಿದರು. ಹೌದು ಅಂತ ತಲೆಯಾಡಿಸಿದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಕಾಯಿಲೆಯವರು ಅಂತಲೂ ನೋಡಲಿಲ್ಲ. "ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರಿ? ಏಳು ವರ್ಷ ಆ ಮುದುಕನ ಮನೆ ಮುಂದೆ ಉಗಿದುಕೊಂಡು ಓಡಾಡಿದೀನಿ ನಾನು" ಅಂತ ಕೂಗಾಡಿದೆ. ಪೆನ್ಸಿಲ್ ಕೇಳಿದರು. ಕಾಲು ಗಂಟೆ ಹಿಡಿಯಿತು ಬರೆಯಲು. 'ನಿನಗೆ ಇರೋದು ಒಬ್ಬನೇ.'

ಅಷ್ಟೇ ಬರೆದು ಕಣ್ಣು ಮುಚ್ಚಿಕೊಂಡರು.

ತಿಳಿಯಿತೇನೋ ನಿನಗೆ? ನಿನ್ನ ಮಾತು ಕೇಳಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ಅವರಿಗೆ ಗೊತ್ತಿತ್ತು. ನಿನ್ನ ಮುಖ ನೋಡುತ್ತಿರಲಿಲ್ಲ. ಅದಕ್ಕೇ ಮಾಲೀಕನ ತಲೆಗೆ ಕಟ್ಟಿದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಅಂತಾರೆ. ಇಲ್ಲಿ ತಿಂದದ್ದು ನೀನು, ಒರೆಸಿದ್ದು ಅವರು, ಹೊಡೆದದ್ದು ನಾನು.

ಪಕ್ಕದ ಮನೆಯವರನ್ನು ಇವರ ಹತ್ತಿರ ಕೂರಿಸಿ ಮಾಲೀಕನ ಮನೆಗೆ ಹೋದೆ. ಹೋಗುವಾಗ ದಾರಿಯಲ್ಲಿ ಎರಡು ಸಲ ವಾಪಸ್ ತಿರುಗಿದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಆ ಒಂದು ಹೆಜ್ಜೆಗೆ ನೀನು ಉತ್ತರ ಕೊಡಬೇಕು. ಅವರು ಕೂತುಕೊಳ್ಳಿ ಅಂದರು, ನಾನು ಕೂರಲಿಲ್ಲ. ತಪ್ಪಾಯಿತು ಅಂದೆ. ಆ ಮುದುಕರು, "ಮೂರು ಸಲ ಕರೆಯೋಕೆ ಬಂದಿದ್ದೆನಮ್ಮ. ನೀವು ಮನೇಲಿ ಇಲ್ಲದಾಗ ಬನ್ನಿ ಅಂದ್ರು ನಿಮ್ಮ ಯಜಮಾನ್ರು. ಅವಳಿಗೆ ನಿಜ ಹೇಳ್ಬೇಡಿ, ನಿಮ್ಮ ಹೆಸರು ಕೆಡಿಸ್ತಾ ಇದೀನಿ ಕ್ಷಮಿಸಿ ಅಂದ್ರು" ಅಂದರು. ಗೊತ್ತಿದ್ದೂ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಬೈಗುಳ ತಿಂದು ಹೋದರಲ್ಲ ಆ ಮನುಷ್ಯ. ಬರುವಾಗ ಬಸ್ಸಿನಲ್ಲಿ ಅತ್ತೆ. ಪಕ್ಕದವಳು ಕಿಟಕಿ ಸೀಟು ಬಿಟ್ಟುಕೊಟ್ಟಳು.

ನೀನು ಹದಿಮೂರು ವರ್ಷದವನಿದ್ದಾಗ ಇವರ ಕೈಗಡಿಯಾರ ಬಿಚ್ಚಿ ಹಾಳು ಮಾಡಿದ್ದೆ. ನಾನು ಸೌಟು ಎತ್ತಿದ್ದೆ. ಇವರು ಅಡ್ಡ ಬಂದು, "ಬಿಚ್ಚಲಿ ಬಿಡೇ, ಬಿಚ್ಚಿದರೆ ತಾನೆ ಕಲಿಯೋದು" ಅಂದಿದ್ದರು. ಥಿಯೇಟರಿಗೆ ಕರೆದುಕೊಂಡು ಹೋಗಿ ಮೆಷಿನ್ ಮುಟ್ಟಲು ಬಿಟ್ಟವರು ಅವರು. ಅವರು ನಿನಗೆ ಎಲ್ಲ ಹೇಳಿಕೊಟ್ಟರು. ಒಂದೇ ಒಂದು ದಿನ ನಿನ್ನ ಹತ್ತಿರ, ಏನು ಕಲಿಯಬೇಕು ಹೇಳಪ್ಪ ಅಂತ ಕೇಳಿದರು.

ನಿನ್ನ ಹೊಸ ಪೆಟ್ಟಿಗೆ ಮೂಲೆಯಲ್ಲಿದೆ. ಟೇಪು ಕೂಡ ಕಿತ್ತಿಲ್ಲ. ಎಷ್ಟು ಸದ್ದಿಲ್ಲದ್ದಾದರೂ ನಾನು ಅದನ್ನು ಮುಟ್ಟುವುದಿಲ್ಲ. ನೀನೇ ಬಂದು ಬಿಚ್ಚು. ನನ್ನ ಹತ್ತಿರ ಹೇಳಿದ್ದನ್ನು ಅವರ ಮುಖ ನೋಡಿ ಹೇಳು. ಅವರು ಏನೂ ಅನ್ನಲಾರರು. ಆ ಅನುಕೂಲವೂ ಇದೆ ನಿನಗೆ.

ಅಕ್ಕ


ಏಪ್ರಿಲ್ 9

ಅಕ್ಕಾ,

ಹದಿನೆಂಟಕ್ಕೆ ಬರುತ್ತೇನೆ. ಎರಡು ದಿನ ರಜೆ ಸಿಕ್ಕಿದೆ. ನನ್ನನ್ನು ಕರೆಯಲು ಬಸ್ ನಿಲ್ದಾಣಕ್ಕೆ ಬರಬೇಡ. ಬಾಗಿಲು ತೆರೆದರೆ ಸಾಕು.

ತಮ್ಮ


ಮೇ 4

ತಮ್ಮನಿಗೆ,

ನೀನು ಬಂದೆ, ಹೋದೆ. ಅದರ ಬಗ್ಗೆ ಎರಡು ವಾರ ಏನೂ ಬರೆಯಲಿಲ್ಲ. ಬರೆದರೆ ಮತ್ತೆ ಬೈಗುಳವೇ ಬರುತ್ತಿತ್ತು. ಈಗಲೂ ಅದೇ ಬರುತ್ತಿದೆ, ಆದರೆ ಬರೆಯಲೇಬೇಕಾದ ವಿಷಯವೊಂದಿದೆ.

ಎರಡು ದಿನ ಪೆಟ್ಟಿಗೆಯ ಹಿಂದೆಯೇ ಅವಿತುಕೊಂಡಿದ್ದೆ ನೀನು. ವೈರು ಎಳೆದೆ, ಬ್ಯಾಟರಿ ತೊಳೆದೆ, ಫ್ರಿಜ್ಜಿನ ಕೆಳಗೆ ರಬ್ಬರ್ ಇಟ್ಟೆ. ಹೊರಡುವುದಕ್ಕೆ ಅರ್ಧ ಗಂಟೆ ಇದ್ದಾಗ ಮಂಚದ ಪಕ್ಕ ನೆಲದ ಮೇಲೆ ಕೂತೆ. ನಾನು ಅಡುಗೆಮನೆಯಲ್ಲಿದ್ದೆ, ಆದರೆ ಕೇಳಿಸಿತು, ಈಗ ಈ ಮನೆಯಲ್ಲಿ ಎಲ್ಲವೂ ಕೇಳಿಸುತ್ತದೆ. "ಭಾವ, ಅವತ್ತು ನಾನು ಅಂದಿದ್ದು ತಪ್ಪು" ಅಂದೆ. ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ನೀನು ಚೀಲ ಹೆಗಲಿಗೇರಿಸಿಕೊಂಡು, ನನಗೂ ಹೇಳದೆ ಮೆಟ್ಟಿಲಿಳಿದೆ. ಅದಕ್ಕೇ ಇನ್ನೊಂದು ಬೈಗುಳ ಬಾಕಿ ಇದೆ. ಏಳು ವರ್ಷದ ಮೇಲೆ ಬಂದವನು, ಒಬ್ಬ ಮನುಷ್ಯನಿಗೆ ಮುಖ ತಿರುಗಿಸಿಕೊಳ್ಳುವಷ್ಟೂ ಸಮಯ ಕೊಡಬಾರದೇ? ತಿರುಗಿಸಿದ ಮುಖ ವಾಪಸ್ ತಿರುಗುವವರೆಗೆ ಕೂತಿರಲು ಆಗಲಿಲ್ಲವೇ ನಿನಗೆ?

ಹನ್ನೊಂದು ದಿನ ಇವರು ರಿಮೋಟ್ ಮುಟ್ಟಲಿಲ್ಲ. ಮೊನ್ನೆ ಬೆಳಿಗ್ಗೆ ತಾವಾಗಿಯೇ ಕೈ ಚಾಚಿ ತೆಗೆದುಕೊಂಡರು. ಹಳೆಯದೊಂದು ಸಿನಿಮಾ ಹಾಕಿಕೊಂಡರು. ನಿನ್ನ ಪೆಟ್ಟಿಗೆ ಓಡುತ್ತಿದೆಯೋ ಇಲ್ಲವೋ ಅಂತ ಅದರ ಮೈ ಮುಟ್ಟಿ ನೋಡಬೇಕಾಯಿತು. ಅಷ್ಟು ಸದ್ದಿಲ್ಲ, ಬೆಚ್ಚಗೆ ಮಾತ್ರ ಇತ್ತು. ಆ ವಿಷಯಕ್ಕೆ ನಿನ್ನನ್ನು ಬೈಯಲು ಏನೂ ಸಿಗಲಿಲ್ಲ.

ಕಾಲು ಗಂಟೆಯ ಮೇಲಾಗಿತ್ತು. ಇದ್ದಕ್ಕಿದ್ದ ಹಾಗೆ ಇವರ ಎಡಗೈ ಮೇಲೆದ್ದಿತು. ತೋರುಬೆರಳು ನೆಟ್ಟಗೆ. ಕಣ್ಣು ಟಿವಿಯ ಮೇಲೇ. ಸ್ವಲ್ಪ ಹೊತ್ತಿಗೆ ಬೆರಳು ಮಡಿಸಿ ಮುಷ್ಟಿ ಮಾಡಿದರು, ಕೈ ಕೆಳಗೆ ಬಿತ್ತು. ನನಗೆ ಜೀವ ಹಾರಿಹೋಯಿತು. ಇನ್ನೊಂದು ಸಲ ಹೊಡೆಯಿತು ಅಂದುಕೊಂಡು ಹೊಲಿಗೆ ಬಿಸಾಕಿ ಓಡಿದೆ. ಏನೂ ಆಗಿರಲಿಲ್ಲ. ಸುಮಾರು ಕಾಲು ಗಂಟೆ ಕಳೆದ ಮೇಲೆ ಮತ್ತೆ ಅದೇ ಬೆರಳು, ಅದೇ ಮುಷ್ಟಿ. ಸಿನಿಮಾ ಮುಗಿಯುವುದರೊಳಗೆ ಏಳೆಂಟು ಸಲ. ನೋವಾ ಅಂದೆ, ಇಲ್ಲ. ನೀರು ಬೇಕಾ ಅಂದೆ, ಇಲ್ಲ. ನನ್ನನ್ನು ಕರೆದರಾ ಅಂದೆ, ಅದೂ ಇಲ್ಲ. ಪೆನ್ಸಿಲ್ ಕೊಟ್ಟೆ. 'ಚುಕ್ಕಿ' ಅಂತ ಬರೆದರು. ಯಾವ ಚುಕ್ಕಿ ಅಂದೆ. 'ಅವನ್ನ ಕೇಳು' ಅಂತ ಬರೆದರು.

ಇಪ್ಪತ್ತೊಂಬತ್ತು ವರ್ಷ ಸಂಸಾರ ಮಾಡಿದ್ದೇನೆ. ಇವರ ಒಂದು ಬೆರಳಿನ ಅರ್ಥ ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವುದು. ಗೊತ್ತಿರುವವನು ಎಲ್ಲೋ ದೂರದಲ್ಲಿ ಕೂತಿದ್ದಾನೆ, ಗೊತ್ತಿಲ್ಲದವಳು ಇಲ್ಲಿ ಬೆರಳೆದ್ದಾಗಲೆಲ್ಲ ಎದೆ ಹಿಡಿದುಕೊಂಡು ಓಡುತ್ತಿದ್ದೇನೆ.

ನಿನ್ನನ್ನು ಕ್ಷಮಿಸಿಲ್ಲ. ಉತ್ತರ ಬರೆಯಬೇಡ. ಬಾ.

ಅಕ್ಕ


ಮೇ 8

ಅಕ್ಕಾ,

ಬರೆಯಬೇಡ ಅಂದಿದ್ದೀಯ. ಆದರೆ ನಾನು ಹೊರಡುವುದು ಹದಿನಾರಕ್ಕೆ. ಅಲ್ಲಿಯವರೆಗೆ ಬೆರಳೆದ್ದಾಗಲೆಲ್ಲ ನೀನು ಓಡಬಾರದು ಅಂತ ಬರೆಯುತ್ತಿದ್ದೇನೆ.

ಹಳೆಯ ಸಿನಿಮಾಗಳು ಎಂಟೋ ಒಂಬತ್ತೋ ರೀಲಿನಲ್ಲಿ ಬರುತ್ತಿದ್ದವು. ಎರಡು ಪ್ರೊಜೆಕ್ಟರ್ ಪಕ್ಕಪಕ್ಕ ಇರುತ್ತಿದ್ದವು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಇನ್ನೊಂದನ್ನು ಶುರು ಮಾಡಬೇಕು. ನೋಡುವವರಿಗೆ ಅದು ಗೊತ್ತಾಗಬಾರದು. ಅದಕ್ಕೆ ರೀಲಿನ ಕೊನೆಯಲ್ಲಿ, ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚಿ ಹೋಗುತ್ತದೆ. ಏಳೆಂಟು ಸೆಕೆಂಡಿನ ಮೇಲೆ ಇನ್ನೊಂದು. ಮೊದಲ ಚುಕ್ಕಿಗೆ ಎರಡನೇ ಮೆಷಿನ್ನಿನ ಮೋಟಾರ್ ಹಾಕಬೇಕು. ಎರಡನೇ ಚುಕ್ಕಿಗೆ ಬೆಳಕು ಬದಲಿಸಬೇಕು. ಪೆಟ್ಟಿಗೆಯಲ್ಲಿರುವುದು ಹಳೆಯ ರೀಲುಗಳಿಂದಲೇ ತೆಗೆದ ಸಿನಿಮಾಗಳು, ಚುಕ್ಕಿಗಳೂ ಹಾಗೇ ಬಂದಿವೆ. ನೀನೂ ನೋಡು, ಕಾಣುತ್ತವೆ.

ಹೈಸ್ಕೂಲಿನಲ್ಲಿದ್ದಾಗ ರಜೆ ಬಂದರೆ ಭಾವ ಮೊದಲ ಮೆಷಿನ್ನಿನ ಹತ್ತಿರ ನಿಲ್ಲುತ್ತಿದ್ದರು, ಎರಡನೆಯದರ ಹತ್ತಿರ ನಾನು. ಮೆಷಿನ್ನಿನ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಮೊದಲ ಚುಕ್ಕಿಗೆ ಬೆರಳೆತ್ತುತ್ತಿದ್ದರು, ನಾನು ಮೋಟಾರ್ ಹಾಕುತ್ತಿದ್ದೆ. ಎರಡನೆಯದಕ್ಕೆ ಮುಷ್ಟಿ ಮಾಡುತ್ತಿದ್ದರು, ನಾನು ಬದಲಿಸುತ್ತಿದ್ದೆ. ಒಂದು ಸಲವೂ ನನ್ನ ಕಡೆ ತಿರುಗಿ ನೋಡುತ್ತಿರಲಿಲ್ಲ. ನಾನು ಅಲ್ಲೇ ಇದ್ದೇನೆ ಅಂತ ಅವರಿಗೆ ಗೊತ್ತಿರುತ್ತಿತ್ತು.

ಭಾವ ಕರೆದದ್ದು ನಿನ್ನನ್ನಲ್ಲ ಅಕ್ಕಾ.

ಈ ಸಲ ರಜೆ ಹದಿನೈದು ದಿನ.

ತಮ್ಮ